ಪಿಕಪ್ ಇಲ್ಲ, ಐಡ್ಲಿಂಗ್ ನಿಲ್ಲುತ್ತಿಲ್ಲ: ಮಾಸ್ ಏರ್ ಫ್ಲೋ ಸೆನ್ಸರ್ ಬದಲಿಸುವ ಮುಂಚೆ ನೋಡಬೇಕಾದದ್ದು

ಸ್ಕ್ಯಾನರ್ ಹಾಕಿದಾಗ ಪಿ0101 ಎಂಬ ದೋಷದ ಕೋಡ್ ಬಂತು, ಸೆನ್ಸರ್ ಬದಲಿಸಿದರು, ಸಾವಿರಗಟ್ಟಲೆ ಬಿಲ್ ಆಯಿತು, ಸ್ವಲ್ಪ ದಿನಕ್ಕೆ ಅದೇ ಚೆಕ್ ಇಂಜಿನ್ ಲೈಟ್ ಮತ್ತೆ ಉರಿಯಿತು. ಮಾಸ್ ಏರ್ ಫ್ಲೋ ಸೆನ್ಸರ್ ಬಗ್ಗೆ ಗಾಡಿ ಮಾಲೀಕರಿಂದ ಹೆಚ್ಚಾಗಿ ಕೇಳಿಬರುವ ದೂರು ಇದೇ. ಇಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಈ ಸೆನ್ಸರ್ ತನ್ನ ಮೂಲಕ ಹಾದುಹೋದದ್ದನ್ನು ಮಾತ್ರ ಅಳೆಯಬಲ್ಲದು. ಅದರಿಂದ ಇಂಜಿನ್‌ಗೆ ಹೋಗುವ ಹೋಸ್ ಒಡೆದು ಬೇರೆ ದಾರಿಯಿಂದ ಗಾಳಿ ನುಗ್ಗಿದರೂ, ಫಿಲ್ಟರ್ ಕಟ್ಟಿಕೊಂಡರೂ, ಇಲಿ ವೈರ್ ಕಡಿದರೂ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಬೊಟ್ಟು ಮಾಡುವುದು ಸೆನ್ಸರ್ ಕಡೆಗೇ. ಹಾಗಾಗಿ ಈ ಬರಹದಲ್ಲಿ ಸೆನ್ಸರ್ ಬದಲಿಸುವ ಮಾತು ಕೊನೆಯಲ್ಲಿ ಬರುತ್ತದೆ. ಮೊದಲು ಬರುವುದು ಬರಿಗೈಯಿಂದ, ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಗಳು.

ನಿಮ್ಮ ಗಾಡಿಯಲ್ಲಿ ಈ ಸೆನ್ಸರ್ ಇದೆಯೇ?

ಇದನ್ನು ಕೇಳದೆ ಮುಂದೆ ಹೋಗಬೇಡಿ. ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳು, ಅಂದರೆ ಆಲ್ಟೊ, ವ್ಯಾಗನ್‌ಆರ್‌ನಂಥವು, ಬಹುಪಾಲು ಮ್ಯಾಪ್ ಸೆನ್ಸರ್ ಮೇಲೆ ನಡೆಯುತ್ತವೆ. ಅದು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಇಂಜಿನ್‌ಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೇಳುತ್ತದೆ, ಅದಕ್ಕೆ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಮತ್ತು ಉಷ್ಣಾಂಶ ಸೇರಿಸಿ, ಗಾಳಿ ಎಷ್ಟಿರಬಹುದೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಟೊಯೊಟಾ ಕೊರೊಲ್ಲಾದಂಥ ದೊಡ್ಡ ಪೆಟ್ರೋಲ್ ಕಾರುಗಳಲ್ಲಿ, ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಇಂಜಿನ್ ಸೇರಿ ಬಹಳಷ್ಟು ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಏರ್ ಫ್ಲೋ ಸೆನ್ಸರ್ ಇರುತ್ತದೆ. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯಿಂದ ಹೊರಡುವ ದಪ್ಪ ಪೈಪ್ ಹಿಡಿದು ಕಣ್ಣು ಹಾಯಿಸಿ. ಡಬ್ಬಿಯ ಬಾಯಲ್ಲೇ, ಎರಡು ಸಣ್ಣ ಸ್ಕ್ರೂಗಳಲ್ಲಿ ಕೂತ, ನಾಲ್ಕೈದು ವೈರ್ ಇರುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಿಕ್ಕಿಸಿದ ಪ್ಲಾಸ್ಟಿಕ್ ಭಾಗ ಕಂಡರೆ ಅದೇ ಇದು. ಎರಡೇ ವೈರ್ ಇದ್ದರೆ ಅದು ಬರೀ ಗಾಳಿಯ ಉಷ್ಣಾಂಶದ ಸೆನ್ಸರ್ ಆಗಿರಬಹುದು.

ಅದು ಗಾಳಿಯನ್ನು ತೂಗುವುದು ಹೇಗೆ

ಪೆಟ್ರೋಲ್ ಸರಿಯಾಗಿ ಉರಿಯಲು 1 ಗ್ರಾಂ ಇಂಧನಕ್ಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಗಾತ್ರ ಅಲ್ಲ, ತೂಕ. ಮಂಗಳೂರಿನ ಕಡಲ ಮಟ್ಟದಲ್ಲಿ ಒಂದು ಲೀಟರ್ ಗಾಳಿ ತೂಗುವಷ್ಟು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೂಗುವುದಿಲ್ಲ. ಅಲ್ಲಿಗೂ ಇಲ್ಲಿಗೂ ನೂರಕ್ಕೆ ಎಂಟೊಂಬತ್ತರಷ್ಟು ವ್ಯತ್ಯಾಸ. 1970ರ ದಶಕದ ಇಂಜೆಕ್ಷನ್ ಕಾರುಗಳಲ್ಲಿ ಗಾಳಿ ತಳ್ಳಿದಂತೆ ತೆರೆದುಕೊಳ್ಳುವ ಒಂದು ರೆಕ್ಕೆ ಇರುತ್ತಿತ್ತು, ಅದು ಅಳೆಯುತ್ತಿದ್ದದ್ದು ಗಾತ್ರವನ್ನು. ತೂಕವನ್ನೇ ನೇರವಾಗಿ ಹೇಳುವ ಬಿಸಿ ತಂತಿಯ ಸೆನ್ಸರ್ ಬಂದದ್ದು ಆಮೇಲೆ.

ಬಿಸಿ ಕಾಫಿ ಲೋಟಕ್ಕೆ ಜೋರಾಗಿ ಊದಿದಷ್ಟೂ ಬೇಗ ಆರುತ್ತದಲ್ಲ, ಇದರ ತತ್ವವೂ ಅದೇ. ಗಾಳಿಯ ದಾರಿಯಲ್ಲಿ ಕೂದಲೆಳೆಯಷ್ಟು ಸಣ್ಣ ಪ್ಲಾಟಿನಂ ತಂತಿ, ಈಗಿನ ಗಾಡಿಗಳಲ್ಲಾದರೆ ಚಿಪ್ ಮೇಲಿನ ತೆಳು ಪದರ. ಅದನ್ನು ಒಳಬರುವ ಗಾಳಿಗಿಂತ ಸುಮಾರು 100 ಡಿಗ್ರಿಯೋ ಇನ್ನೂ ಹೆಚ್ಚೋ ಬಿಸಿಯಾಗಿ ಇಡಲು ಕರೆಂಟ್ ಹರಿಸುತ್ತಾರೆ. ಗಾಳಿ ಹೆಚ್ಚು ಬಂದಷ್ಟೂ ಅದು ತಣಿಯುತ್ತದೆ, ಅದೇ ಬಿಸಿಗೆ ತರಲು ಹೆಚ್ಚು ಕರೆಂಟ್ ಬೇಕಾಗುತ್ತದೆ. ಆ ಕರೆಂಟ್ ಎಷ್ಟೆಂದು ನೋಡಿದರೆ ಗಾಳಿಯ ತೂಕ ಗೊತ್ತಾಯಿತು. ಹಳೆಯ ತಂತಿ ಸೆನ್ಸರ್‌ಗಳಲ್ಲಿ ಇಂಜಿನ್ ಆಫ್ ಮಾಡಿದ ಮೇಲೆ ತಂತಿಯನ್ನು ಒಂದು ಸೆಕೆಂಡ್ ಸುಮಾರು 1000 ಡಿಗ್ರಿಗೆ ಕಾಯಿಸಿ ಕೊಳೆ ಸುಡುವ ಏರ್ಪಾಡೂ ಇತ್ತು. ಚಿಪ್ ಮಾದರಿಯವುಗಳಲ್ಲಿ ಮಧ್ಯೆ ಹೀಟರ್, ಅದರ ಹಿಂದೆ ಮುಂದೆ ಒಂದೊಂದು ಉಷ್ಣಾಂಶದ ಬಿಂದು. ಎರಡರ ನಡುವಿನ ವ್ಯತ್ಯಾಸದಿಂದ ಗಾಳಿ ಎಷ್ಟು ಎಂಬುದಷ್ಟೇ ಅಲ್ಲ, ಯಾವ ಕಡೆಗೆ ಹರಿಯುತ್ತಿದೆ ಎಂಬುದೂ ತಿಳಿಯುತ್ತದೆ.

ದೋಷವೂ ಇಲ್ಲೇ ಹುಟ್ಟುತ್ತದೆ. ಆ ಪದರದ ಮೇಲೆ ಎಣ್ಣೆ ಬೆರೆತ ಧೂಳು ಕೂತರೆ ಅದು ಹೊದಿಕೆಯಂತಾಗಿ, ಗಾಳಿ ಜೋರಾಗಿ ಬಂದರೂ ಚಿಪ್ ತಣಿಯುವುದಿಲ್ಲ. ಇರುವುದಕ್ಕಿಂತ ಕಡಿಮೆ ಗಾಳಿ ಎಂದು ಕಂಪ್ಯೂಟರ್ ನಂಬುತ್ತದೆ, ಇಂಧನವನ್ನೂ ಕಡಿಮೆ ಬಿಡುತ್ತದೆ. ಐಡ್ಲಿಂಗ್‌ನಲ್ಲಿ ಇದೇ ಸೆನ್ಸರ್ ಇರುವುದಕ್ಕಿಂತ ಹೆಚ್ಚು ಹೇಳುವುದೂ ಉಂಟು. ಅಂದರೆ ಕೊಳೆ ಹಿಡಿದ ಸೆನ್ಸರ್ ಒಂದೇ ತರಹ ತಪ್ಪು ಹೇಳುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೈ ಹಾಕುವ ಮುಂಚೆ

ಇಂಜಿನ್ ಆರಲಿ. ಬಿಸಿಯಿದ್ದಾಗ ರೇಡಿಯೇಟರ್ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು. ದುಪಟ್ಟಾ, ಶಲ್ಯ, ಸಡಿಲ ತೋಳು ಬಾನೆಟ್ ಒಳಗೆ ಬೇಡ. ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಇಗ್ನಿಷನ್ ಆನ್ ಇರುವಾಗ ಯಾವ ಕಪ್ಲರನ್ನೂ ಎಳೆಯಬೇಡಿ, ಹಾಕಲೂ ಬೇಡಿ. ಗಾಡಿ ಓಡಿಸುತ್ತಾ ರೀಡಿಂಗ್ ನೋಡುವ ಪರೀಕ್ಷೆಗೆ ಇಬ್ಬರು ಬೇಕು, ಒಬ್ಬರು ಓಡಿಸಲಿ, ಇನ್ನೊಬ್ಬರು ಮೊಬೈಲ್ ನೋಡಲಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸ್ಕ್ರೂ ಬಿಚ್ಚದೆ ನೇರ ಸರ್ವಿಸ್ ಸೆಂಟರಿಗೆ ಕೊಡಿ.

ಲಕ್ಷಣ: ಚೆಕ್ ಇಂಜಿನ್ ಲೈಟ್ ಉರಿಯುತ್ತಿದೆ, ಗಾಡಿ ಚೆನ್ನಾಗೇ ಓಡುತ್ತಿದೆ

ಲೈಟ್ ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ. ಮಿನುಗುತ್ತಿದ್ದರೆ ಮಾತ್ರ ಬೇರೆ ವಿಷಯ. ಪೆಟ್ರೋಲ್ ಗಾಡಿಯಲ್ಲಿ ಮಿನುಗುವ ಲೈಟ್ ಎಂದರೆ ಇಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಕೆಂಡದಂತೆ ಕಾಯಿಸುತ್ತಿದೆ. ಗಾಡಿ ಪಕ್ಕಕ್ಕೆ ಹಾಕಿ, ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಸುಮ್ಮನೆ ಉರಿಯುವ ಲೈಟಿಗೆ ಮೊದಲ ಕೆಲಸ ಕೋಡ್ ಓದುವುದು. ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಈಚಿನ ಗಾಡಿಗಳಲ್ಲಿ ಸಾಕೆಟ್ ಸ್ಟೀರಿಂಗ್ ಕೆಳಗೇ ಇರುತ್ತದೆ. ಪಿ0102 ಬಂದರೆ ಸಿಗ್ನಲ್ ಬಹಳ ಕಡಿಮೆ, ಪಿ0103 ಬಂದರೆ ಬಹಳ ಹೆಚ್ಚು. ಇವೆರಡರಲ್ಲಿ ಮೊದಲು ಅನುಮಾನಿಸಬೇಕಾದದ್ದು ವೈರಿಂಗ್ ಮತ್ತು ಕಪ್ಲರ್. ಪಿ0104 ಅಂದರೆ ಸಿಗ್ನಲ್ ಬಂದು ಹೋಗಿ ಮಾಡುತ್ತಿದೆ, ಅದೂ ಹೆಚ್ಚಾಗಿ ಸಡಿಲ ಸಂಪರ್ಕವೇ. ಪಿ0101 ಬಂದರೆ ಸಿಗ್ನಲ್ ಇದೆ, ಆದರೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಂತೆ ಗಾಳಿಗೆ ತೆರೆಯುವ ಬಾಗಿಲು) ಮತ್ತು ಆರ್‌ಪಿಎಂಗೆ ಹೊಂದುತ್ತಿಲ್ಲ ಎಂದರ್ಥ. ಅಷ್ಟೇ. ‘ಸೆನ್ಸರ್ ಕೆಟ್ಟಿದೆ’ ಎಂದು ಆ ಕೋಡ್ ಎಲ್ಲೂ ಹೇಳುವುದಿಲ್ಲ. ಜೊತೆಗೆ ಪಿ0171 ಇದ್ದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚು, ಪಿ0172 ಇದ್ದರೆ ಇಂಧನ ಹೆಚ್ಚು. ಗಾಳಿಯ ಉಷ್ಣಾಂಶದ ಪಿ0113 ಕೂಡ ಒಟ್ಟಿಗೆ ಬಂದಿದ್ದರೆ ಖುಷಿಪಡಬಹುದು. ಬಹಳಷ್ಟು ಗಾಡಿಗಳಲ್ಲಿ ಎರಡೂ ಸೆನ್ಸರ್ ಒಂದೇ ಕಪ್ಲರ್‌ನಲ್ಲಿರುತ್ತವೆ, ಎರಡೂ ಒಟ್ಟಿಗೆ ಸತ್ತವು ಅನ್ನುವುದಕ್ಕಿಂತ ಕಪ್ಲರ್ ಕಳಚಿದೆ ಅನ್ನುವುದೇ ಸರಿ. ಸರ್ವಿಸ್‌ನಲ್ಲಿ ಫಿಲ್ಟರ್ ಬದಲಿಸಿದ ಮಾರನೇ ದಿನ ಲೈಟ್ ಬಂದಿದ್ದರಂತೂ ಇದನ್ನೇ ಮೊದಲು ನೋಡಿ.

ಕೋಡ್ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಅದರ ಜೊತೆ ಉಳಿದಿರುವ ಫ್ರೀಜ್ ಫ್ರೇಮ್, ಅಂದರೆ ದೋಷ ಕಂಡ ಕ್ಷಣದ ಆರ್‌ಪಿಎಂ, ವೇಗ, ಉಷ್ಣಾಂಶ, ಇವನ್ನೂ ಫೋಟೊ ತೆಗೆದುಕೊಳ್ಳಿ. ಅಳಿಸಿದರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಲಕ್ಷಣ: ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಏರಿಳಿಯುತ್ತದೆ, ಬ್ರೇಕ್ ಹಿಡಿದರೆ ಆಫ್ ಆಗುತ್ತದೆ

ಪೆಟ್ರೋಲ್ ಗಾಡಿಯಲ್ಲಿ ಇದಕ್ಕೆ ತೀರಾ ಸಾಮಾನ್ಯ ಕಾರಣ ಸೆನ್ಸರ್ ಅಲ್ಲ, ಲೆಕ್ಕಕ್ಕೆ ಸಿಗದ ಗಾಳಿ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಸೆಕೆಂಡಿಗೆ ಎರಡು ಮೂರು ಗ್ರಾಂ. ಅದರಲ್ಲಿ ಅರ್ಧ ಗ್ರಾಂ ಸೆನ್ಸರ್ ದಾಟದೆ ಕಳ್ಳದಾರಿಯಿಂದ ಬಂದರೂ ಮಿಶ್ರಣ ಕೆಡುತ್ತದೆ. ಅದೇ ಅರ್ಧ ಗ್ರಾಂ ಹೈವೇ ವೇಗದಲ್ಲಿ ಗೊತ್ತೇ ಆಗುವುದಿಲ್ಲ.

ಮೊದಲು ಕಣ್ಣು, ಆಮೇಲೆ ಕೈ. ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗುವ ಕಪ್ಪು ರಬ್ಬರ್ ಹೋಸ್ ಮಡಿಕೆ ಮಡಿಕೆಯಾಗಿರುತ್ತದೆ. ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಾಗಿಸಿ, ಮಡಿಕೆಯ ತಳದಲ್ಲಿ, ಅದೂ ಇಂಜಿನ್ ಕಡೆಗಿರುವ ಕೆಳಭಾಗದಲ್ಲಿ, ಬ್ಲೇಡಿನಿಂದ ಸೀಳಿದಂತಹ ಗೆರೆ ಬಾಯಿ ಬಿಡುತ್ತದೆ. ಗೇರ್ ಹಾಕಿದಾಗ, ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಅಲುಗುತ್ತದೆ, ಆಗ ಮಾತ್ರ ಆ ಸೀಳು ತೆರೆಯುತ್ತದೆ. ನಿಂತ ಗಾಡಿಯಲ್ಲಿ ಎಲ್ಲವೂ ಸರಿಯಿದ್ದು, ಓಡುವಾಗ ಮಾತ್ರ ಜರ್ಕ್ ಹೊಡೆಯುವ ಗಾಡಿಗಳ ಗುಟ್ಟು ಎಷ್ಟೋ ಸಲ ಇಲ್ಲಿರುತ್ತದೆ. ಕ್ಲ್ಯಾಂಪ್‌ಗಳು ಬಿಗಿಯಾಗಿವೆಯೇ ನೋಡಿ. ಸಣ್ಣ ವ್ಯಾಕ್ಯೂಮ್ ಪೈಪ್‌ಗಳ ತುದಿ ಒಣಗಿ ಬಿರಿದಿದೆಯೇ ನೋಡಿ. ಇಂಜಿನ್ ಆಯಿಲ್ ಕ್ಯಾಪ್ ಮತ್ತು ಆಯಿಲ್ ಡಿಪ್‌ಸ್ಟಿಕ್ ಪೂರ್ತಿ ಕೂತಿವೆಯೇ ನೋಡಿ, ಈ ತರಹದ ಇಂಜಿನ್‌ನಲ್ಲಿ ಅವೂ ಕಳ್ಳದಾರಿಗಳೇ.

ಐಡ್ಲಿಂಗ್ ಏರಿಳಿಯುವುದರ ಜೊತೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ, ಪೆಡಲ್ ಒತ್ತಿದಾಗ ಸುಸ್ ಎಂದು ಗಾಳಿಯ ಸದ್ದು ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಸೋರುತ್ತಿರುವುದು ಬ್ರೇಕ್ ಒತ್ತಲು ಕಾಲಿಗೆ ನೆರವಾಗುವ ಬೂಸ್ಟರ್ ಅಥವಾ ಅದರ ಪೈಪ್ ಇರಬಹುದು. ಆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವುದೂ ಬೇಡ, ಟೋ ಮಾಡಿಸಿ.

ಸೋರಿಕೆ ಹುಡುಕಲು ಓಡುವ ಇಂಜಿನ್ ಮೇಲೆ ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಚಿಮುಕಿಸುವವರನ್ನು ನೋಡಿರಬಹುದು. ಹೊಗೆ ಹೊರಹೋಗುವ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಇರುವ ಗ್ಯಾರೇಜಿಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಿದ್ದು ತೊಂದರೆ ಹೋಗದಿದ್ದರೆ ಡಾಂಗಲ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಎಸಿ ಆಫ್ ಇರಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನಂಬಿ ಕಂಪ್ಯೂಟರ್ ಎಷ್ಟು ಇಂಧನ ಕೂಡಿಸುತ್ತಿದೆ, ಕಳೆಯುತ್ತಿದೆ ಎಂಬುದರ ಲೆಕ್ಕ ಅದು. ಶಾರ್ಟ್ (ಆ ಕ್ಷಣದ ತಿದ್ದುಪಡಿ) ಮತ್ತು ಲಾಂಗ್ (ದಿನ ಕಳೆದಂತೆ ಕಲಿತ ತಿದ್ದುಪಡಿ) ಎರಡನ್ನೂ ಕೂಡಿಸಿ ನೋಡಬೇಕು. ನೂರಕ್ಕೆ 10ರ ಒಳಗೆ, ಕೂಡಿದ್ದಿರಲಿ ಕಳೆದದ್ದಿರಲಿ, ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ +20 ಇದ್ದು 2500 ಆರ್‌ಪಿಎಂಗೆ ಏರಿಸಿದಾಗ +4ಕ್ಕೆ ಇಳಿದರೆ ಗಾಳಿ ಸೋರಿಕೆ ಖಚಿತ ಎನ್ನಬಹುದು. ಐಡ್ಲಿಂಗ್‌ನಲ್ಲಿ ಸರಿಯಿದ್ದು, ಆರ್‌ಪಿಎಂ ಏರಿದಂತೆ ಟ್ರಿಮ್ ಕೂಡ ಏರುತ್ತಾ ಹೋದರೆ ಆಗ ಸೆನ್ಸರ್ ಅಥವಾ ಫ್ಯೂಯಲ್ ಪಂಪ್ ಕಡೆ ತಿರುಗಿ.

ಥ್ರಾಟಲ್ ಬಾಡಿಯ ಬಟರ್‌ಫ್ಲೈ ತಟ್ಟೆಯ ಅಂಚಿನಲ್ಲಿ ಮಸಿ ಕಟ್ಟಿದ್ದರೂ ಇದೇ ಲಕ್ಷಣ ಬರುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಯಲ್ಲಿ ಅದನ್ನು ಬೆರಳಿನಿಂದ ತಳ್ಳಿ ತೆರೆಯಬೇಡಿ, ಒಳಗಿನ ಗೇರ್‌ಗೆ ಪೆಟ್ಟಾಗುತ್ತದೆ.

ಲಕ್ಷಣ: ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆಫ್

ಸ್ಟಾರ್ಟ್ ಆಗುವಾಗ ಕಂಪ್ಯೂಟರ್ ಹೆಚ್ಚಾಗಿ ಕೂಲಂಟ್ ಉಷ್ಣಾಂಶ ನೋಡಿ ಇಂಧನ ಬಿಡುತ್ತದೆ. ಆಮೇಲೆ ಏರ್ ಫ್ಲೋ ಸೆನ್ಸರ್ ಮಾತು ಕೇಳಲು ಶುರುಮಾಡುತ್ತದೆ. ಆ ಹೊತ್ತಿಗೆ ಅದು ಸುಳ್ಳು ಹೇಳಿದರೆ ಗಾಡಿ ನಿಲ್ಲುತ್ತದೆ. ಕೀ ತೆಗೆದು, ಸೆನ್ಸರ್ ಕಪ್ಲರ್ ಕಳಚಿ, ಮತ್ತೆ ಸ್ಟಾರ್ಟ್ ಮಾಡಿ. ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ ಕಂಪ್ಯೂಟರ್ ಆಗ ಥ್ರಾಟಲ್ ಮತ್ತು ಆರ್‌ಪಿಎಂ ನೋಡಿ ಅಂದಾಜಿನ ಮೇಲೆ ಓಡಿಸುತ್ತದೆ. ಕಳಚಿದಾಗ ಇಂಜಿನ್ ಆಫ್ ಆಗದೆ ಓಡಿದರೆ ಸೆನ್ಸರ್, ಅದರ ವೈರಿಂಗ್, ಸೆನ್ಸರ್‌ನ ಆಚೀಚಿನ ಗಾಳಿಯ ದಾರಿ, ಈ ಮೂರರಲ್ಲಿ ಒಂದು ತಪ್ಪಿದೆ. ಏನೂ ಬದಲಾಗದಿದ್ದರೆ ಇಂಧನ, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕಡೆ ನೋಡಿಸಿ. ಈ ಪರೀಕ್ಷೆಯಿಂದ ಲೈಟ್ ಉರಿಯುತ್ತದೆ, ಆಮೇಲೆ ಅಳಿಸಿದರಾಯಿತು.

ಹಾಗೇ ಫಿಲ್ಟರ್ ಡಬ್ಬಿ ತೆರೆಯಿರಿ. ಮಳೆಗಾಲದಲ್ಲಿ ಕೆಲವು ವಾರ ನಿಂತ ಗಾಡಿಯಾದರೆ ಇಲಿ ಗೂಡು, ಒಣ ಎಲೆ, ಕಡಿದ ಸ್ಪಂಜು ಸಿಗುವುದು ಅಪರೂಪವಲ್ಲ. ಡಬ್ಬಿಯ ತಳದಲ್ಲಿ ನೀರು ನಿಂತಿದ್ದರೆ, ಫಿಲ್ಟರ್ ತೊಯ್ದಿದ್ದರೆ, ಅದಕ್ಕೂ ಮುಂಚೆ ಗಾಡಿ ನೆರೆನೀರಿನಲ್ಲಿ ಸಾಗಿದ್ದರೆ ಮತ್ತೆ ಕ್ರ್ಯಾಂಕ್ ಮಾಡಲೇಬೇಡಿ. ಸಿಲಿಂಡರ್ ಒಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸೆನ್ಸರ್ ಖರ್ಚು ಅದರ ಮುಂದೆ ಏನೂ ಅಲ್ಲ. ಟೋ ಮಾಡಿಸಿ.

ಲಕ್ಷಣ: ಘಾಟಿಯಲ್ಲಿ ಪಿಕಪ್ ಇಲ್ಲ, ಓವರ್‌ಟೇಕ್‌ಗೆ ಎಳೆಯುವುದಿಲ್ಲ

ಚಾರ್ಮಾಡಿಯೋ ಶಿರಾಡಿಯೋ ಹತ್ತುವಾಗ ಗಾಡಿ ಮುಕ್ಕಿರಿಯುತ್ತದೆ, ಊರೊಳಗೆ ಮಾತ್ರ ಸುಸೂತ್ರ. ಇಲ್ಲಿ ಏರ್ ಫ್ಲೋ ಸೆನ್ಸರ್ ನಿಜವಾಗಿಯೂ ಅನುಮಾನಕ್ಕೆ ಅರ್ಹ, ಆದರೆ ಅದೊಂದೇ ಅಲ್ಲ. ಈ ಲಕ್ಷಣದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ.

ಅಗ್ಗದ ಕೆಲಸ ಮೊದಲು. ಫಿಲ್ಟರ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಬಳ್ಳಾರಿ, ಸಂಡೂರು ಕಡೆಯ ಕೆಂಧೂಳಿನಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್ ತನಕ ಫಿಲ್ಟರ್ ಬಾಳುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಊದಿ ಮತ್ತೆ ಹಾಕಿದ ಫಿಲ್ಟರ್ ಇನ್ನೂ ಕೆಟ್ಟದ್ದು. ಕಾಗದದ ಮಡಿಕೆ ಸೂಕ್ಷ್ಮವಾಗಿ ಹರಿದು, ಅಲ್ಲಿಂದ ನುಗ್ಗಿದ ಧೂಳು ನೇರ ಚಿಪ್ ಮೇಲೆ ಕೂರುತ್ತದೆ. ಎಣ್ಣೆ ಹಚ್ಚುವ ತರಹದ ತೊಳೆದು ಬಳಸುವ ಫಿಲ್ಟರ್ ಹಾಕಿಸಿದ್ದರೆ, ಎಣ್ಣೆ ಹೆಚ್ಚಾಗಿ ಹಚ್ಚಿದ್ದರೆ ಅದೂ ಚಿಪ್ ತಲುಪುತ್ತದೆ. ಡಬ್ಬಿಯ ಕ್ಲಿಪ್‌ಗಳೆಲ್ಲ ಕೂತಿವೆಯೇ, ಫಿಲ್ಟರ್‌ನ ರಬ್ಬರ್ ಅಂಚು ಮಡಚಿಕೊಂಡಿದೆಯೇ ಎಂಬುದನ್ನೂ ನೋಡಿ.

ಫಿಲ್ಟರ್ ಸರಿಯಿದ್ದರೆ ಡಾಂಗಲ್ ಹಾಕಿ ಗಾಳಿಯ ಗ್ರಾಂ ಓದಿ. 1.8 ಲೀಟರ್ ಪೆಟ್ರೋಲ್ ಇಂಜಿನ್ ಎಂದುಕೊಳ್ಳಿ. ಎರಡು ಸುತ್ತಿಗೆ ಒಮ್ಮೆ ಪೂರ್ತಿ ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಸಲ, ಅಂದರೆ ಸೆಕೆಂಡಿಗೆ 90 ಲೀಟರ್. ಸಮುದ್ರಮಟ್ಟದಲ್ಲಿ ಬೆಚ್ಚಗಿನ ಗಾಳಿ ಲೀಟರಿಗೆ ಸುಮಾರು 1.16 ಗ್ರಾಂ, ಸಿಲಿಂಡರ್ ತುಂಬುವುದು ನೂರಕ್ಕೆ ಸುಮಾರು 85 ಪಾಲು ಎಂದು ಹಿಡಿದರೆ ಸೆಕೆಂಡಿಗೆ 90 ಗ್ರಾಂ ಹತ್ತಿರ ಬರಬೇಕು. ಬೆಂಗಳೂರಿನಲ್ಲಾದರೆ 80ರ ಆಸುಪಾಸು. ಇದೇ ಲೆಕ್ಕ ನಿಮ್ಮ ಇಂಜಿನ್‌ಗೂ ಹಾಕಬಹುದು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದಿದ್ದರೆ. ಖಾಲಿ, ನೇರ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ವೇಗಮಿತಿಯೊಳಗೆ ಸಿಗುವಷ್ಟು ಆರ್‌ಪಿಎಂವರೆಗೆ ಹೋದರೆ ಸಾಕು, ಆ ಆರ್‌ಪಿಎಂಗೇ ಲೆಕ್ಕ ಹಾಕಿ.

ಈಗ ಬರುವುದು ನಿಜವಾದ ತೀರ್ಪು. ಗ್ರಾಂ ಕಡಿಮೆ ಇದ್ದು ಟ್ರಿಮ್ ಹೆಚ್ಚು ಕೂಡಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಗಾಳಿ ನಿಜಕ್ಕೂ ಬರುತ್ತಿದೆ, ಅದಕ್ಕೇ ಆಕ್ಸಿಜನ್ ಸೆನ್ಸರ್ ಇಂಧನ ಸಾಲದು ಎನ್ನುತ್ತಿದೆ. ಗ್ರಾಂ ಕಡಿಮೆ ಇದ್ದು ಟ್ರಿಮ್ ಸರಿಯಾಗಿಯೇ ಇದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಇಂಜಿನ್‌ಗೇ ಉಸಿರು ಕಟ್ಟಿದೆ, ಫಿಲ್ಟರ್ ಕಟ್ಟಿರಬಹುದು, ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕುಸಿದು ಸೈಲೆನ್ಸರ್ ದಾರಿ ಮುಚ್ಚಿರಬಹುದು, ಟೈಮಿಂಗ್ ಚೈನ್ ಜಾರಿರಬಹುದು. ಇಲ್ಲಿ ಸೆನ್ಸರ್ ಬದಲಿಸಿದರೆ ಹೊಸದೂ ಅದೇ ಮಾತು ಹೇಳುತ್ತದೆ. ಗ್ರಾಂ ಸರಿಯಿದ್ದು ಟ್ರಿಮ್ ಹೆಚ್ಚು ಕೂಡಿಸುತ್ತಿದ್ದರೆ ಇಂಧನದ ಒತ್ತಡ ಸಾಲುತ್ತಿಲ್ಲ, ಪಂಪ್ ಅಥವಾ ಫ್ಯೂಯಲ್ ಫಿಲ್ಟರ್ ನೋಡಿಸಿ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಕಂಪ್ಯೂಟರ್ ಟ್ರಿಮ್ ತಿದ್ದುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಟ್ರಿಮ್ ಅನ್ನು ಮಧ್ಯಮ ಭಾರದಲ್ಲಿ, ಗಾಡಿ ಒಂದೇ ಸಮ ಓಡುತ್ತಿರುವಾಗ ಓದಿ.

ನನ್ನ ಮಟ್ಟಿಗೆ, ಗ್ರಾಂ ಮತ್ತು ಟ್ರಿಮ್ ಎರಡನ್ನೂ ಒಟ್ಟಿಗೆ ಓದದೆ ಯಾರಾದರೂ ಏರ್ ಫ್ಲೋ ಸೆನ್ಸರ್ ಬದಲಿಸಿ ಎಂದರೆ ಒಪ್ಪಬಾರದು. ಈ ಎರಡು ಅಂಕಿಗಳನ್ನು ತೋರಿಸಿ ಎಂದು ಮೆಕ್ಯಾನಿಕ್‌ನನ್ನು ಕೇಳುವ ಹಕ್ಕು ನಿಮಗಿದೆ.

ಲಕ್ಷಣ: ಡೀಸೆಲ್ ಗಾಡಿ, ಕಪ್ಪು ಹೊಗೆ ಅಥವಾ ಸತ್ತ ಪಿಕಪ್

ಡೀಸೆಲ್‌ನಲ್ಲಿ ಈ ಸೆನ್ಸರ್‌ನ ಕೆಲಸವೇ ಬೇರೆ. ಮುಖ್ಯವಾಗಿ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು, ಹೊಗೆ ಬಾರದಂತೆ ಹೆಚ್ಚೆಂದರೆ ಎಷ್ಟು ಇಂಧನ ಬಿಡಬಹುದು ಎಂಬುದನ್ನು ಇದರಿಂದ ನಿರ್ಧರಿಸುತ್ತಾರೆ. ಸೆನ್ಸರ್ ಕಡಿಮೆ ಹೇಳಿದರೆ ಇಂಧನಕ್ಕೆ ಕತ್ತರಿ, ಪಿಕಪ್ ಸಾಯುತ್ತದೆ, ಹೊಗೆ ಮಾತ್ರ ಇರುವುದಿಲ್ಲ. ಕಪ್ಪು ಹೊಗೆ ಜೋರಾಗಿದ್ದರೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ಹೋಸ್ ಮೊದಲು ನೋಡಿ. ಸೆನ್ಸರ್ ಅಳೆದು ಕಳಿಸಿದ ಗಾಳಿ ಅಲ್ಲಿ ಸೋರಿ ಹೊರಗೆ ಹೋಗುತ್ತದೆ, ಇಂಧನ ಮಾತ್ರ ಪೂರ್ತಿ ಬೀಳುತ್ತದೆ. ಹೋಸ್‌ನ ಹೊರಗೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿದ ಕಲೆ ಸೀಳಿನ ಗುರುತು.

ಕಪ್ಲರ್ ಕಳಚಿ ಓಡಿಸಿ ನೋಡುವ ಪರೀಕ್ಷೆ ಡೀಸೆಲ್‌ನಲ್ಲಿ ಅರ್ಧ ಮಾತ್ರ ನಂಬಲು ಯೋಗ್ಯ. ಕಳಚಿದ ಕೂಡಲೇ ಬಹಳಷ್ಟು ಗಾಡಿಗಳಲ್ಲಿ ಇಜಿಆರ್ ಕೂಡ ಮುಚ್ಚಿಕೊಳ್ಳುತ್ತದೆ. ಗಾಡಿ ಚುರುಕಾದರೆ ಅದು ಸೆನ್ಸರ್ ತೆಗೆದದ್ದರಿಂದಲೋ ಇಜಿಆರ್ ಮುಚ್ಚಿದ್ದರಿಂದಲೋ ಹೇಳಲಾಗದು. ಒಳ್ಳೆಯ ದಾರಿ ಲೆಕ್ಕವೇ. ಡೀಸೆಲ್ ಸ್ಕ್ಯಾನರ್ ಒಂದು ಸಲದ ಎಳೆತಕ್ಕೆ ಎಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. 1248 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಒಂದು ಸಿಲಿಂಡರಿಗೆ 312 ಸಿಸಿ, ಅಷ್ಟು ಗಾಳಿ ಸುಮಾರು 360 ಮಿಲಿಗ್ರಾಂ ತೂಗುತ್ತದೆ. ಇಜಿಆರ್ ಪೂರ್ತಿ ಮುಚ್ಚಿಸಿ ಐಡ್ಲಿಂಗ್‌ನಲ್ಲಿ ನೋಡಿದಾಗ ರೀಡಿಂಗ್ ಇದರ ಹತ್ತಿರ ಇರಬೇಕು. ಎತ್ತರದ ಊರಾದರೆ ಸ್ವಲ್ಪ ಕಡಿಮೆ. 230, 240 ಎಂದು ತೋರಿಸುತ್ತಿದ್ದರೆ ಒಂದೋ ಇಜಿಆರ್ ಮಸಿ ಕಟ್ಟಿ ಮುಚ್ಚುತ್ತಿಲ್ಲ, ಇಲ್ಲವೇ ಸೆನ್ಸರ್ ಮತ್ತು ಟರ್ಬೊ ನಡುವಿನ ಪೈಪ್ ಸೋರುತ್ತಿದೆ, ಅದೂ ಅಲ್ಲದಿದ್ದರೆ ಸೆನ್ಸರ್. ಈ ಅನುಕ್ರಮದಲ್ಲೇ ನೋಡಿಸಿ.

ಲಕ್ಷಣ: ಪೆಟ್ರೋಲ್ ವಾಸನೆ, ಮೈಲೇಜ್ ಕುಸಿತ

ಸೆನ್ಸರ್ ಹೆಚ್ಚು ಹೇಳುತ್ತಿದ್ದರೆ ಹೀಗಾಗಬಹುದು. ಆದರೆ ಟೈರ್ ಗಾಳಿ, ಹಿಡಿದುಕೊಂಡ ಬ್ರೇಕ್, ಸೋರುವ ಇಂಜೆಕ್ಟರ್, ಇಂಜಿನ್ ಬಿಸಿಯಾಗಲು ಬಿಡದ ಥರ್ಮೋಸ್ಟಾಟ್, ಇವು ಇದಕ್ಕಿಂತ ಸಾಮಾನ್ಯ ಕಾರಣಗಳು. ಟ್ರಿಮ್ −15ಕ್ಕೂ ಕೆಳಗಿದ್ದರೆ ಮಾತ್ರ ಮುಂದುವರಿಯಿರಿ. ಬಾನೆಟ್ ಕೆಳಗೆ ಹಸಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ, ತೇವ ಕಂಡರೆ, ಇಂಜಿನ್ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಲಕ್ಷಣ: ಒಮ್ಮೊಮ್ಮೆ ಜರ್ಕ್, ಒಮ್ಮೊಮ್ಮೆ ಸರಿ

ವೈರಿಂಗ್ ಕಡೆ ಬನ್ನಿ. ಇಂಜಿನ್ ಐಡ್ಲಿಂಗ್‌ನಲ್ಲಿರಲಿ, ಕಪ್ಲರ್‌ಗೆ ಹೋಗುವ ವೈರ್ ಕಟ್ಟನ್ನು ಮೆಲ್ಲಗೆ ಅಲುಗಿಸಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಸೆನ್ಸರ್ ಮೈಯನ್ನು ಹಗುರವಾಗಿ ತಟ್ಟಿ. ಅಲುಗಿಸಿದಾಗ ಇಂಜಿನ್ ತಡವರಿಸಿದರೆ ವೈರ್, ತಟ್ಟಿದಾಗ ತಡವರಿಸಿದರೆ ಸೆನ್ಸರ್‌ನೊಳಗಿನ ಬೆಸುಗೆ. ಆಫ್ ಮಾಡಿ ಕಪ್ಲರ್ ಕಳಚಿ ಪಿನ್‌ಗಳನ್ನು ಟಾರ್ಚ್ ಬೆಳಕಲ್ಲಿ ನೋಡಿ. ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಪಿನ್ ಬುಡದಲ್ಲಿ ಹಸಿರು ಪುಡಿ ಕಟ್ಟಿರುತ್ತದೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಅದು ಹೋಗುತ್ತದೆ.

ಮಲ್ಟಿಮೀಟರ್ ಬಳಸಿ ಗೊತ್ತಿದ್ದವರು, ನಿಮ್ಮ ಗಾಡಿಯ ವೈರಿಂಗ್ ಡಯಾಗ್ರಾಂ ಕೈಯಲ್ಲಿದ್ದರೆ, ಇಗ್ನಿಷನ್ ಆನ್ ಮಾಡಿ ಸಪ್ಲೈ ಪಿನ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ, ಅರ್ತ್ ವೈರ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಕಡಿಮೆ ಇದೆಯೇ ನೋಡಬಹುದು. ಬಾಷ್‌ನ ಹಳೆಯ ಐದು ವೋಲ್ಟ್ ಮಾದರಿಯಲ್ಲಿ ಇಂಜಿನ್ ಓಡದಿದ್ದಾಗ ಸಿಗ್ನಲ್ ಸರಿಸುಮಾರು 1 ವೋಲ್ಟ್ ಇರಬೇಕು. ಸಿಗ್ನಲ್ ಫ್ರೀಕ್ವೆನ್ಸಿಯಾಗಿ ಬರುವ ಗಾಡಿಗಳಲ್ಲಿ ಈ ಅಳತೆಗೆ ಅರ್ಥವಿಲ್ಲ. ವೈರಿನ ಮೈಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದ ನೀರು ಸೇರಿ ಮುಂದಿನ ಮಳೆಗಾಲಕ್ಕೆ ಹೊಸ ದೋಷವಾಗುತ್ತದೆ. ಓಮ್ಸ್‌ಗೆ ಇಟ್ಟ ಮೀಟರ್ ಅನ್ನು ಏರ್ ಫ್ಲೋ ಸೆನ್ಸರ್‌ನ ಪಿನ್‌ಗಳಿಗೆ ತಾಗಿಸಲೂ ಬೇಡಿ.

ಸೆನ್ಸರ್ ತೊಳೆಯುವುದು

ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಗೊತ್ತಾದ ಮೇಲೆ, ಬದಲಿಸುವ ಮುಂಚೆ ಒಮ್ಮೆ ತೊಳೆಯಿರಿ. ಇಂಜಿನ್ ತಣ್ಣಗಿರಲಿ, ಕಪ್ಲರ್ ಕಳಚಿ, ಎರಡು ಸ್ಕ್ರೂ ತೆಗೆದು ನೇರವಾಗಿ ಮೇಲಕ್ಕೆ ಎಳೆಯಿರಿ. ಹಲವು ಗಾಡಿಗಳಲ್ಲಿ ನಕ್ಷತ್ರ ತಲೆಯ ಟಾರ್ಕ್ಸ್ ಸ್ಕ್ರೂ ಇರುತ್ತದೆ, ಬೇರೆ ಸ್ಕ್ರೂಡ್ರೈವರ್ ತುರುಕಿ ತಲೆ ಸವೆಸಬೇಡಿ. ಮಾಸ್ ಏರ್ ಫ್ಲೋ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇ ತನ್ನಿ. ಕಾರ್ಬ್ಯುರೇಟರ್ ಕ್ಲೀನರ್ ಪ್ಲಾಸ್ಟಿಕ್ ತಿನ್ನುತ್ತದೆ, ಜಿಡ್ಡೂ ಬಿಡುತ್ತದೆ. ಸ್ವಲ್ಪ ದೂರದಿಂದ ಹತ್ತು ಹದಿನೈದು ಸಲ ಚಿಮುಕಿಸಿ, ಕೊಳೆ ತಾನಾಗಿ ಹರಿದುಹೋಗಲಿ. ಬೆರಳು, ಬಟ್ಟೆ, ಕಿವಿಗೆ ಹಾಕುವ ಹತ್ತಿಕಡ್ಡಿ, ಬ್ರಶ್, ಕಂಪ್ರೆಸರ್ ಗಾಳಿ, ಯಾವುದೂ ಚಿಪ್‌ಗೆ ತಾಗಬಾರದು. ಆ ಪದರ ಎಷ್ಟು ತೆಳುವೆಂದರೆ ಒಮ್ಮೆ ಸವರಿದರೆ ಸಾಕು, ಮುಗಿಯಿತು. ಅರ್ಧ ಗಂಟೆ ಆರಲು ಬಿಡಿ. ಸ್ಪ್ರೇ ಬೆಂಕಿ ಹತ್ತುವಂಥದ್ದು, ಒದ್ದೆಯಿದ್ದಾಗ ಕರೆಂಟ್ ಕೊಡಬಾರದು. ಮತ್ತೆ ಕೂರಿಸುವಾಗ ರಬ್ಬರ್ ಓ-ರಿಂಗ್ ಇದೆಯೇ, ಗಾಳಿ ಹರಿಯುವ ದಿಕ್ಕಿನ ಬಾಣ ಇಂಜಿನ್ ಕಡೆಗಿದೆಯೇ ನೋಡಿಕೊಳ್ಳಿ.

ತೊಳೆದ ಮೇಲೆ ಗ್ರಾಂ ಏರಿ ಟ್ರಿಮ್ ಇಳಿದರೆ ಕೆಲಸ ಆಯಿತು. ಕೆಲವೇ ವಾರಕ್ಕೆ ಮತ್ತೆ ಕೆಟ್ಟರೆ ಕೊಳೆ ಎಲ್ಲಿಂದ ಬರುತ್ತಿದೆ ಹುಡುಕಿ: ಹರಿದ ಫಿಲ್ಟರ್, ಕೂರದ ಡಬ್ಬಿ, ಇಲ್ಲವೇ ಬ್ರೀದರ್ ಪೈಪಿನಿಂದ ಹಿಂದಕ್ಕೆ ಬರುವ ಇಂಜಿನ್ ಎಣ್ಣೆ ಆವಿ. ಮೂರನೆಯದಾದರೆ ಆ ಆವಿಯ ಹರಿವನ್ನು ನಿಯಂತ್ರಿಸುವ ಪಿಸಿವಿ ವಾಲ್ವ್ ನೋಡಿಸಿ.

ಬದಲಿಸಲೇಬೇಕಾದಾಗ

ಹಳೆಯ ಸೆನ್ಸರ್ ಮೈಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದು, ಅಕ್ಷರಕ್ಕೆ ಅಕ್ಷರ ಹೊಂದುವುದನ್ನೇ ಕೊಳ್ಳಿ. ಒಂದೇ ಕಪ್ಲರ್, ಒಂದೇ ಅಳತೆ ಇದ್ದರೂ ಎಷ್ಟು ಗಾಳಿಗೆ ಎಷ್ಟು ಸಿಗ್ನಲ್ ಎಂಬ ಲೆಕ್ಕ ಬೇರೆ ಇರುತ್ತದೆ, ಆ ವ್ಯತ್ಯಾಸ ಹೊರನೋಟಕ್ಕೆ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ಕಾಲು ಬೆಲೆಗೆ ಸಿಗುವ ಹೆಸರಿಲ್ಲದ ಸೆನ್ಸರ್ ಹಾಕಿ, ತಿಂಗಳುಗಟ್ಟಲೆ ಟ್ರಿಮ್ ಸರಿಹೋಗದೆ ಒದ್ದಾಡಿದವರು ಬಹಳ. ಕಂಪನಿ ಕೌಂಟರ್ ಅಥವಾ ಪರಿಚಯದ ಅಂಗಡಿಯಿಂದ ಬಿಲ್ ಸಮೇತ ತನ್ನಿ.

ಹಾಕಿದ ಮೇಲೆ ಕೋಡ್ ಅಳಿಸಿ, ಸ್ಕ್ಯಾನರ್‌ನಲ್ಲಿ ಹಳೆಯ ಟ್ರಿಮ್ ಸೊನ್ನೆ ಮಾಡಿಸಿ. ಕೆಲವು ಡೀಸೆಲ್‌ಗಳಲ್ಲಿ ಹೊಸ ಸೆನ್ಸರ್‌ಗೆ ಕಲಿಕೆಯ ಮೌಲ್ಯ ರೀಸೆಟ್ ಮಾಡುವುದು ಕಡ್ಡಾಯ, ಅದು ಡಾಂಗಲ್‌ನಿಂದ ಆಗುವ ಕೆಲಸವಲ್ಲ. ಆಮೇಲೆ ಊರೊಳಗೂ ಹೈವೇಯಲ್ಲೂ ಒಂದಷ್ಟು ದೂರ ಓಡಿಸಿ, ಅದೇ ರಸ್ತೆ, ಅದೇ ಗೇರ್‌ನಲ್ಲಿ ಗ್ರಾಂ ಮತ್ತು ಟ್ರಿಮ್ ಮತ್ತೊಮ್ಮೆ ಓದಿ ಮೊದಲು ಓದಿದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಅಂಕಿ ಬದಲಾಗದಿದ್ದರೆ ಹಳೆಯ ಸೆನ್ಸರ್ ಎಸೆಯಬೇಡಿ, ಗ್ಯಾರೇಜಿನಿಂದ ಕೇಳಿ ವಾಪಸ್ ತೆಗೆದುಕೊಳ್ಳಿ.